ನಿನ್ನೆ ಮಾಡಿದ ಅಲಿಯಾಸ್ ಇವತ್ತು ಎಲ್ಲಿ ಹೋಯಿತು?

ಲಿನಕ್ಸ್ ಕಲಿಯುತ್ತಿರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: “ನಿನ್ನೆ ಟರ್ಮಿನಲ್‌ನಲ್ಲಿ ಒಂದು ಅಲಿಯಾಸ್ ಮಾಡಿಟ್ಟಿದ್ದೆ, ಚೆನ್ನಾಗಿ ಕೆಲಸ ಮಾಡ್ತಿತ್ತು. ಬೆಳಿಗ್ಗೆ ನೋಡಿದರೆ ಇಲ್ಲವೇ ಇಲ್ಲ!”

ಉದ್ದದ ಕಮಾಂಡಿಗೆ ನಾವು ಇಟ್ಟುಕೊಳ್ಳುವ ಅಡ್ಡಹೆಸರೇ ಅಲಿಯಾಸ್. ಅದು ಇರುವುದು ಟರ್ಮಿನಲ್ ಒಳಗೆ ನಮ್ಮ ಕಮಾಂಡುಗಳನ್ನು ನಡೆಸುವ ಶೆಲ್ ಎಂಬ ಪ್ರೋಗ್ರಾಮಿನ ನೆನಪಿನಲ್ಲಿ ಮಾತ್ರ. ಟರ್ಮಿನಲ್ ಮುಚ್ಚಿದರೆ ಶೆಲ್ ಮುಗಿಯಿತು, ಅದರ ಜೊತೆ ಅಡ್ಡಹೆಸರೂ ಹೋಯಿತು. ಹೊಸ ಶೆಲ್ ಹುಟ್ಟುವಾಗ ಓದುವ ಫೈಲಿನಲ್ಲಿ ಅದನ್ನು ಬರೆದಿಟ್ಟರೆ ಮಾತ್ರ ಅದು ಪ್ರತಿ ಸಲ ಸಿಗುತ್ತದೆ. ಯಾವ ಫೈಲ್ ಎನ್ನುವುದರಲ್ಲೇ ಎಲ್ಲ ಗೊಂದಲ.

ಉಬುಂಟುವಿನಲ್ಲಿ ಸಿಗುವ ಬ್ಯಾಶ್ ಶೆಲ್ಲನ್ನೇ ನೋಡೋಣ. ಡೆಸ್ಕ್‌ಟಾಪಿನಲ್ಲಿ ಟರ್ಮಿನಲ್ ತೆರೆದರೆ ಅದು ನಿಮ್ಮ ಹೋಮ್ ಫೋಲ್ಡರಿನ .ಬ್ಯಾಶ್‌ಆರ್‌ಸಿ ಓದುತ್ತದೆ. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಈ ಫೈಲ್ ಸುಮ್ಮನೆ ಕಾಣುವುದಿಲ್ಲ, ಎಲ್‌ಎಸ್ -ಎ ಕೊಡಬೇಕು. (ಕೊನೆಯ ‘ಆರ್‌ಸಿ’ 1960ರ ದಶಕದ ‘ರನ್‌ಕಾಮ್’ ಎಂಬ ಹೆಸರಿನ ಪಳೆಯುಳಿಕೆ, ಸಾಲಾಗಿ ನಡೆಸಬೇಕಾದ ಕಮಾಂಡುಗಳ ಫೈಲಿಗೆ ಆಗ ಹಾಗೆನ್ನುತ್ತಿದ್ದರು.) ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಹೋದರೆ ಹುಟ್ಟುವುದು ಲಾಗಿನ್ ಶೆಲ್. ಅದು .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಈ ಮೂರನ್ನು ಇದೇ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕ ಒಂದನ್ನು ಓದಿ ಅಲ್ಲಿಗೇ ನಿಲ್ಲಿಸುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಉಬುಂಟು ಕೊಡುವ .ಪ್ರೊಫೈಲ್ ಒಳಗೆ “.ಬ್ಯಾಶ್‌ಆರ್‌ಸಿಯನ್ನೂ ಓದು” ಎಂಬ ಸಾಲು ಮೊದಲೇ ಇದೆ, ಹಾಗಾಗಿ ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಒಂದು ದಿನ ಯಾರದೋ ಮಾತು ಕೇಳಿ ಹೊಸದಾಗಿ .ಬ್ಯಾಶ್_ಪ್ರೊಫೈಲ್ ಮಾಡುತ್ತೀರಿ. ಅಂದಿನಿಂದ ಲಾಗಿನ್ ಶೆಲ್ .ಪ್ರೊಫೈಲನ್ನು ಮುಟ್ಟುವುದೇ ಇಲ್ಲ, ಎಸ್‌ಎಸ್‌ಎಚ್‌ನಲ್ಲಿ ಅಲಿಯಾಸುಗಳೆಲ್ಲ ಮಾಯ. ಹೊಸ ಫೈಲಿನಿಂದ .ಪ್ರೊಫೈಲನ್ನು ಸೋರ್ಸ್ ಮಾಡುವ, ಅಂದರೆ ಓದಿಸುವ, ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ. ಮ್ಯಾಕ್ ಬಳಸುವವರಿಗೆ ಈ ತಾಪತ್ರಯ ಕಡಿಮೆ. 2019ರ ಕ್ಯಾಟಲಿನಾ ಆವೃತ್ತಿಯಿಂದ ಅಲ್ಲಿನ ಡೀಫಾಲ್ಟ್ ಶೆಲ್ ಜ಼ಡ್‌ಶೆಲ್. ಲಾಗಿನ್ ಆಗಲಿ ಬಿಡಲಿ, ನೀವು ಕೂತು ಟೈಪ್ ಮಾಡುವ ಪ್ರತಿ ಶೆಲ್ಲೂ .ಜ಼ಡ್‌ಎಸ್‌ಎಚ್‌ಆರ್‌ಸಿ ಓದುತ್ತದೆ.

ಈಗ ಅಲಿಯಾಸ್ ಬರೆಯುವುದು. .ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ಈ ಸಾಲು ಸೇರಿಸಿ (ಇಂಗ್ಲಿಷ್ ಅಕ್ಷರಗಳಲ್ಲಿ):

ಅಲಿಯಾಸ್ ಜಿಎಸ್‌ಟಿ='ಗಿಟ್ ಸ್ಟೇಟಸ್'

ಸಮಚಿಹ್ನೆಯ ಆಚೆ ಈಚೆ ಜಾಗ ಬಿಡಬಾರದು, ಬಿಟ್ಟರೆ ಎರರ್ ಬರುತ್ತದೆ. ಎರಡೇ ಅಕ್ಷರ ಸಾಕು ಎಂದು ‘ಜಿಎಸ್’ ಎಂದು ಇಡುವವರಿದ್ದಾರೆ, ಆದರೆ ಅದು ಗೋಸ್ಟ್‌ಸ್ಕ್ರಿಪ್ಟ್ ಎಂಬ ಬೇರೆ ಪ್ರೋಗ್ರಾಮಿನ ಹೆಸರು. ಹೆಸರಿಡುವ ಮೊದಲು ‘ಟೈಪ್’ ಎಂಬ ಕಮಾಂಡಿನ ನಂತರ ಆ ಹೆಸರು ಕೊಟ್ಟು ನೋಡಿ. ಅದು ಈಗಾಗಲೇ ಬಳಕೆಯಲ್ಲಿದೆಯೇ ಎಂದು ಶೆಲ್ಲೇ ಹೇಳುತ್ತದೆ. ಒಂಟಿ ಕೋಟ್ ಬದಲು ಜೋಡಿ ಕೋಟ್ ಹಾಕಿದರೆ ಒಳಗಿನ ಡಾಲರ್ ಚಿಹ್ನೆಯ ವೇರಿಯಬಲ್‌ಗಳ ಬೆಲೆ ಫೈಲ್ ಓದುವಾಗಲೇ ಗಟ್ಟಿಯಾಗಿಬಿಡುತ್ತದೆ. ಈಗಿನ ಫೋಲ್ಡರಿನ ಹೆಸರಿರುವ ವೇರಿಯಬಲ್ ಒಳಗಿದ್ದರೆ, ಆಮೇಲೆ ನೀವು ಯಾವ ಫೋಲ್ಡರಿಗೆ ಹೋದರೂ ಅದು ಹಳೆಯ ಫೋಲ್ಡರನ್ನೇ ತೋರಿಸುತ್ತಿರುತ್ತದೆ.

ಫೈಲ್ ಉಳಿಸಿದ ಮೇಲೆ ‘ಸೋರ್ಸ್ ~/.ಬ್ಯಾಶ್‌ಆರ್‌ಸಿ’ ಕೊಟ್ಟರೆ ಟರ್ಮಿನಲ್ ಮುಚ್ಚದೆಯೇ ಜಾರಿಗೆ ಬರುತ್ತದೆ. ಕಮಾಂಡಿನ ನಡುವೆ ಫೈಲ್ ಹೆಸರು ಸೇರಬೇಕಿದ್ದರೆ ಅಲಿಯಾಸ್ ಸಾಲದು, ಅದಕ್ಕೆ ಶೆಲ್ ಫಂಕ್ಷನ್ ಬರೆಯಬೇಕು.

ಒಂದು ಅಲಿಯಾಸನ್ನು ಮಾತ್ರ ನಾನು ಯಾರಿಗೂ ಹೇಳಿಕೊಡುವುದಿಲ್ಲ: ಫೈಲ್ ಅಳಿಸುವ ಆರ್‌ಎಂ ಕಮಾಂಡಿಗೇ ‘ಆರ್‌ಎಂ -ಐ’ ಎಂದು ಕಟ್ಟುವುದು. ಅಳಿಸುವ ಮುನ್ನ ಆರ್‌ಎಂ ಒಮ್ಮೆ ಕೇಳುತ್ತದೆ, ಸುರಕ್ಷಿತ ಎನ್ನಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿದ್ದೆ. ಕೈಗೆ ಅದೇ ರೂಢಿಯಾಗಿತ್ತು: ಬೇಕಾದದ್ದು ಬೇಡದ್ದು ಎಲ್ಲಕ್ಕೂ ಆರ್‌ಎಂ ಕೊಟ್ಟು, ಪ್ರಶ್ನೆ ಬಂದಾಗ ಆರಿಸಿಕೊಳ್ಳುವುದು. ಆ ಅಲಿಯಾಸ್ ಇಲ್ಲದ ಇನ್ನೊಂದು ಯಂತ್ರದಲ್ಲಿ ಹಾಗೆಯೇ ಮಾಡಿದೆ. ಪ್ರಶ್ನೆ ಬರಲಿಲ್ಲ, ಒಂದು ವಾರದ ಕೆಲಸ ಹೋಯಿತು. ಕಾವಲು ಬೇಕಿದ್ದರೆ ಅದಕ್ಕೆ ಬೇರೆಯೇ ಹೆಸರಿಡಿ. ಆ ಹೆಸರು ಇಲ್ಲದ ಕಡೆ “ಅಂಥ ಕಮಾಂಡ್ ಇಲ್ಲ” ಎಂಬ ಉತ್ತರ ಬರುತ್ತದೆ, ಫೈಲುಗಳು ಉಳಿಯುತ್ತವೆ.

.ಬ್ಯಾಶ್‌ಆರ್‌ಸಿಯನ್ನು ತಿದ್ದುವ ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ. ತಿದ್ದಿದ ಟರ್ಮಿನಲ್ ತೆರೆದೇ ಇರಲಿ, ಪಕ್ಕದಲ್ಲಿ ಹೊಸದನ್ನು ತೆರೆದು ಪರೀಕ್ಷಿಸಿ. ಎಲ್ಲ ಕೆಟ್ಟರೂ ‘ಬ್ಯಾಶ್ --ನೋಆರ್‌ಸಿ’ ಎಂದರೆ .ಬ್ಯಾಶ್‌ಆರ್‌ಸಿ ಓದದ ಶೆಲ್ ಸಿಗುತ್ತದೆ.

ಇನ್ನೊಂದು ವಿಷಯ. ಅಲಿಯಾಸಿನ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. ಎಲ್‌ಎಸ್ -ಎಲ್ ಕಮಾಂಡಿಗೆ ‘ಪಟ್ಟಿ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟು ನೋಡಿ, ಬ್ಯಾಶ್ ಅದನ್ನು ಒಪ್ಪಿಕೊಳ್ಳುತ್ತದೆ.