ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಉದ್ಯಮವೊಂದನ್ನು ಕೊಳ್ಳುವುದೆಂದರೆ ಅದರ ಕಟ್ಟಡ, ಯಂತ್ರ, ದಾಸ್ತಾನುಗಳನ್ನು ಕೊಳ್ಳುವುದೆಂಬುದು ಸಾಮಾನ್ಯ ತಿಳಿವಳಿಕೆ. 2017ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಗೂಗಲ್–ಎಚ್‌ಟಿಸಿ ಒಪ್ಪಂದವು ಇದಕ್ಕಿಂತ ಭಿನ್ನವಾದುದು.

ತೈವಾನಿನ ಎಚ್‌ಟಿಸಿ ಸಂಸ್ಥೆಯು ಸ್ಮಾರ್ಟ್‌ಫೋನ್ ಮಾರಾಟ ಕುಸಿದು ನಷ್ಟದಲ್ಲಿತ್ತು. ಗೂಗಲ್ 110 ಕೋಟಿ ಡಾಲರ್ ನಗದು ನೀಡಿ, ತನ್ನ ಪಿಕ್ಸೆಲ್ ಫೋನುಗಳಿಗಾಗಿ ಅಲ್ಲಿ ದುಡಿಯುತ್ತಿದ್ದವರನ್ನೊಳಗೊಂಡಂತೆ ಸುಮಾರು 2,000 ಸಿಬ್ಬಂದಿಯನ್ನು ಸೇರಿಸಿಕೊಂಡಿತು. ಬೌದ್ಧಿಕ ಸ್ವತ್ತಿಗೆ ದೊರೆತದ್ದು ಏಕಸ್ವಾಮ್ಯವಲ್ಲದ ಪರವಾನಗಿ. ಅರ್ಥಾತ್ ಬಳಸುವ ಹಕ್ಕೇ ಹೊರತು ಒಡೆತನವಲ್ಲ. ಬ್ರ್ಯಾಂಡ್ ಹೆಸರು ಮತ್ತು ವರ್ಚುವಲ್ ರಿಯಾಲಿಟಿ ಸಾಧನಗಳ ವೈವ್ ವಿಭಾಗ ಎಚ್‌ಟಿಸಿಯಲ್ಲಿಯೇ ಉಳಿದವು. ವ್ಯವಹಾರವು 2018ರ ಜನವರಿಯಲ್ಲಿ ಪೂರ್ಣಗೊಂಡಿತು.

ಆ ತ್ರೈಮಾಸಿಕದಲ್ಲಿ ಎಚ್‌ಟಿಸಿ ಲಾಭ ತೋರಿಸಿತು. ಆದರೆ ಅದು ವ್ಯಾಪಾರದ ಲಾಭವಲ್ಲ, ಒಮ್ಮೆ ಮಾತ್ರ ಬರುವ ಮಾರಾಟದ ಲಾಭ. ಅದೇ ಜುಲೈನಲ್ಲಿ ತೈವಾನಿನ 1,500 ಉದ್ಯೋಗಗಳ ಕಡಿತವನ್ನು ಸಂಸ್ಥೆ ಪ್ರಕಟಿಸಿತು. 2025ರ ಜನವರಿಯಲ್ಲಿ ವೈವ್ ವಿಭಾಗದ ಕೆಲವು ಎಂಜಿನಿಯರುಗಳನ್ನೂ 25 ಕೋಟಿ ಡಾಲರ್‌ಗೆ ಗೂಗಲ್‌ಗೆ ಬಿಟ್ಟುಕೊಡುವ ಒಪ್ಪಂದವಾಯಿತು.

ಪಳಗಿದ ಕೆಲಸಗಾರರ ತಂಡವು ಲೆಕ್ಕಪತ್ರದಲ್ಲಿ ಆಸ್ತಿಯೆಂದು ನಮೂದಾಗುವುದಿಲ್ಲ; ಆದರೂ ಕೊಳ್ಳುವವನು ಬೆಲೆ ಕಟ್ಟುವುದು ಅದಕ್ಕೇ. ಸಂಕಷ್ಟದಲ್ಲಿ ಅದನ್ನು ಮಾರಿದರೆ ನಗದು ಕೈಸೇರುತ್ತದೆ, ನಾಳೆ ದುಡಿಯುವ ಕೈಗಳು ಹೋಗುತ್ತವೆ. ಒಂದು ವಿಭಾಗವನ್ನು ಮಾರಲು ಹೊರಟ ಉದ್ಯಮಿಯು ಬಂದ ಹಣದ ಜೊತೆಗೆ ಉಳಿದ ಉದ್ಯಮದ ಗಳಿಕೆಯ ಶಕ್ತಿಯನ್ನೂ ಮೊದಲೇ ಲೆಕ್ಕ ಹಾಕುವುದು ಒಳಿತು.