ಪ್ರಯಾಣಿಕನ ಗಂಟು

ಶಾಸನಗಳಲ್ಲಿ 'ಕೋಗಳಿ ಐನೂರು' ಎಂದು ಹೆಸರಾದ ನಮ್ಮ ನಾಡು ಜಾತ್ರೆಗಳ ಸೀಮೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರು ಕೊಟ್ಟೂರಿನ ಗುರುಬಸವೇಶ್ವರನ ತೇರಿಗೂ ಮೈಲಾರಲಿಂಗನ ಕಾರ್ಣಿಕಕ್ಕೂ ತಲೆತಲಾಂತರದಿಂದ ಹೋಗಿಬರುತ್ತಿದ್ದಾರೆ. ನಾನು ಬಾಲಕನಾಗಿದ್ದಾಗ ಜಾತ್ರೆಯ ಹಿಂದಿನ ರಾತ್ರಿ ನನ್ನ ಅಜ್ಜಿ ಬುತ್ತಿ ಕಟ್ಟುತ್ತಿದ್ದಳು. ಹಣವನ್ನು ಮಾತ್ರ ಬುತ್ತಿಯ ಗಂಟಿನಲ್ಲಿ ಇಡದೆ, ಎಲೆಅಡಿಕೆಯ ಸಂಚಿಯ ಒಳಮಡಿಕೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಇದ್ದ ಹಣದಲ್ಲಿ ಅರ್ಧ ಮನೆಯಲ್ಲಿಯೇ ಉಳಿಯುತ್ತಿತ್ತು. ಕಳೆದರೂ ಕಳೆಯುವುದು ಸಂಚಿಯಲ್ಲಿದ್ದಷ್ಟೇ ಎಂಬುದು ಅವಳ ಲೆಕ್ಕ.

ಇಂದಿನ ಪ್ರಯಾಣಿಕನ ಗಂಟು ಅಂಗೈಯಗಲದ ಮೊಬೈಲು. ಅದರಲ್ಲಿ ಬ್ಯಾಂಕಿನ ಖಾತೆಯಿದೆ, ಆಧಾರ್ ಚೀಟಿಯಿದೆ, ಮನೆಮಂದಿಯ ಭಾವಚಿತ್ರಗಳಿವೆ, ನೆಂಟರಿಷ್ಟರ ಸಂಖ್ಯೆಗಳಿವೆ. ಸಂಚಿಯ ಕಳವಿಗೆ ಒಂದು ಮಿತಿಯಿತ್ತು. ಇದರ ಕಳವಿಗೆ ಮಿತಿಯಿಲ್ಲ. ಮೈಲಾರದ ಡೆಂಕನ ಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿದಾಗ ನೆರೆದ ಜನರೆಲ್ಲ ಉಸಿರು ಬಿಗಿಹಿಡಿದು ಮೇಲೆ ನೋಡುತ್ತಾರೆ. ಕಳ್ಳನು ಕಾಯುವುದು ಇಂಥ ಗಳಿಗೆಯನ್ನೇ.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ನೂಕುನುಗ್ಗಲಿನಲ್ಲಿ ನನ್ನ ಮೊಬೈಲು ಮಾಯವಾಯಿತು. ಅದಕ್ಕೆ ನಾನು ಬೀಗಸಂಖ್ಯೆಯನ್ನು ಹಾಕಿರಲಿಲ್ಲ. 'ನನ್ನ ಫೋನಿನಲ್ಲಿ ಮುಚ್ಚಿಡುವಂಥದು ಏನಿದೆ?' ಎಂಬ ಅಸಡ್ಡೆ. ಹೋದ ವಸ್ತು ಹೋಯಿತೆಂದು ಸುಮ್ಮನಾದೆ. ಅಂದು ಸಂಜೆಯೇ 'ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು' ಎಂಬ ಸಂದೇಶ ನನ್ನ ಹೆಸರಿನಲ್ಲಿ ಹಲವರಿಗೆ ಹೋಗಿತ್ತು. ಬೆಂಗಳೂರಿನಲ್ಲಿ ಗಾರೆಕೆಲಸ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಿಂದುಮುಂದು ನೋಡದೆ ವಾರದ ಕೂಲಿಯನ್ನೆಲ್ಲ ಕಳುಹಿಸಿಬಿಟ್ಟಿದ್ದನು. ಆ ಹಣವನ್ನು ನಾನು ಅವನಿಗೆ ಮರಳಿಸಿದೆ. ಆದರೆ 'ಸಾರ್, ನೀವು ಆರೋಗ್ಯವಾಗಿದ್ದೀರಲ್ಲ, ಅಷ್ಟು ಸಾಕು' ಎಂದ ಅವನ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಫೋನು ನನ್ನದು, ಅಲಕ್ಷ್ಯ ನನ್ನದು. ದಂಡ ತೆತ್ತವನು ಅವನು.

ಆದುದರಿಂದ ಊರು ಬಿಡುವ ಮೊದಲೇ ಎಚ್ಚರ ಆರಂಭವಾಗಬೇಕು. ಮೊಬೈಲಿಗೆ ಬೀಗಸಂಖ್ಯೆ ಇರಲಿ. ಅದು ಹುಟ್ಟಿದ ದಿನಾಂಕವಾಗಿರದಿರಲಿ. ಇಷ್ಟರಿಂದಲೇ ನಿಶ್ಚಿಂತರಾಗುವಂತಿಲ್ಲ. ಬ್ಯಾಂಕು ಕಳುಹಿಸುವ ಒ.ಟಿ.ಪಿ. ಬರುವುದು ನಮ್ಮ ದೂರವಾಣಿ ಸಂಖ್ಯೆಗೆ. ಆ ಸಂಖ್ಯೆಯಿರುವುದು ಸಿಮ್ ಕಾರ್ಡಿನಲ್ಲಿ. ಕಳ್ಳನು ಬೀಗವನ್ನು ಮುರಿಯದೆ, ಸಿಮ್ಮನ್ನು ಮಾತ್ರ ಕಿತ್ತು ಇನ್ನೊಂದು ಫೋನಿಗೆ ಹಾಕಿದರೆ ಒ.ಟಿ.ಪಿ. ಅವನ ಕಣ್ಣೆದುರಿಗೇ ಬರುತ್ತದೆ. ಆದ್ದರಿಂದ ಸಿಮ್ಮಿಗೂ ಪ್ರತ್ಯೇಕ ಪಿನ್ ಹಾಕುವ ಏರ್ಪಾಡಿದೆ. ಆದರೆ ಮೊದಲ ಪಿನ್ ಯಾವುದೆಂದು ಕಂಪನಿಯವರಿಂದ ತಿಳಿದುಕೊಂಡೇ ಇದನ್ನು ಮಾಡಬೇಕು. ಮೂರು ಸಲ ತಪ್ಪಿದರೆ ಸಿಮ್ ನಿಂತುಹೋಗುತ್ತದೆ. ಬ್ಯಾಂಕಿನ ಗುಪ್ತಸಂಖ್ಯೆಗಳನ್ನು ಫೋನಿನಲ್ಲಿ ಬರೆದಿಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲಿಯೇ ತೂಗುಬಿಟ್ಟಂತೆ.

ಪ್ರತಿಯೊಂದು ಮೊಬೈಲಿಗೂ ಐ.ಎಂ.ಇ.ಐ. ಎಂಬ ೧೫ ಅಂಕಿಗಳ ಗುರುತಿನ ಸಂಖ್ಯೆಯಿರುತ್ತದೆ. *#೦೬# ಎಂದು ಒತ್ತಿದರೆ ಅದು ಪರದೆಯ ಮೇಲೆ ಮೂಡುತ್ತದೆ. ಅದನ್ನು ಮನೆಯ ದಿನಚರಿಯಲ್ಲಿ ಬರೆದಿಟ್ಟೇ ಹೊರಡುವುದು ಲೇಸು.

ದಾರಿಯಲ್ಲಿ ಪಾಲಿಸಬೇಕಾದ ನಿಯಮಗಳು ಸರಳವಾದವು. ನಿಲ್ದಾಣಗಳಲ್ಲಿ ಅನ್ಯರ ತಂತಿಗೆ ಫೋನನ್ನು ಜೋಡಿಸದೆ ನಮ್ಮದೇ ಚಾರ್ಜರನ್ನು ಬಳಸಬೇಕು. ಅಪರಿಚಿತರು ಒಂದು ಕರೆ ಮಾಡಬೇಕೆಂದು ಬೇಡಿದರೆ ನಾವೇ ಸಂಖ್ಯೆಯನ್ನು ಒತ್ತಿ, ಸ್ಪೀಕರಿನಲ್ಲಿ ಮಾತನಾಡಿಸಬಹುದು. ಮನೆಮಂದಿಯೆಲ್ಲ ಪರವೂರಿನಲ್ಲಿರುವ ಸಂಗತಿಯನ್ನು ಆಗಲೇ ಊರಿಗೆಲ್ಲ ಸಾರುವುದು ವಿವೇಕವಲ್ಲ.

ಅರ್ಜಿ ಸಲ್ಲಿಸಲು ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋದ ವಿದ್ಯಾರ್ಥಿಯು ಜೆರಾಕ್ಸ್ ಅಂಗಡಿಯವರಿಗೆ ಆಧಾರ್ ಮತ್ತು ಅಂಕಪಟ್ಟಿಗಳನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾನೆ. ಪ್ರತಿ ಪಡೆದು ಬಸ್ಸು ಹತ್ತುತ್ತಾನೆ. ಅವನ ಕಾಗದಗಳು ಆ ಗಣಕಯಂತ್ರದಲ್ಲಿಯೇ ಉಳಿಯುತ್ತವೆ. ನಿಂತು ಅಳಿಸಿ ಬರುವುದು ಸಂಕೋಚದ ಮಾತಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವಸತಿಗೃಹದಲ್ಲಿ ಗುರುತು ಕೇಳಿದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಬಹುದು.

ಇಷ್ಟಾಗಿಯೂ ಫೋನು ಕಳೆದರೆ ಹುಡುಕುತ್ತ ಹೊತ್ತು ಕಳೆಯಬಾರದು. ಮೊದಲು ಜೊತೆಯವರ ಫೋನಿನಿಂದ ಕಂಪನಿಗೆ ಕರೆಮಾಡಿ ಸಿಮ್ಮನ್ನು ನಿಲ್ಲಿಸಬೇಕು. ಅನಂತರ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ೧೯೩೦ ಎಂಬ ಸಹಾಯವಾಣಿಗೆ ಕೂಡಲೇ ಕರೆಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹರಿದು ಚದುರುವ ಮುನ್ನ ತಡೆಯುವ ಅವಕಾಶ ಆಗ ಹೆಚ್ಚು. ಬಂಧುಮಿತ್ರರಿಗೂ ಸುದ್ದಿ ಮುಟ್ಟಿಸಬೇಕು. ನಾನು ಮರೆತದ್ದು ಇದನ್ನೇ. ಬಳಿಕ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದೇ ಸಂಖ್ಯೆಯ ಹೊಸ ಸಿಮ್ ಪಡೆದು, ೨೦೨೩ರ ಮೇ ತಿಂಗಳಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಸಿ.ಇ.ಐ.ಆರ್. ವ್ಯವಸ್ಥೆಯಲ್ಲಿ ಐ.ಎಂ.ಇ.ಐ. ಸಂಖ್ಯೆಯನ್ನು ನಮೂದಿಸಬೇಕು. ಆಗ ಆ ಫೋನು ಭಾರತದ ಯಾವ ಕಂಪನಿಯ ಸಿಮ್ಮಿನಿಂದಲೂ ಕೆಲಸ ಮಾಡಲಾರದು.

ಜಾತ್ರೆಯಿಂದ ಮರಳಿದೊಡನೆ ನನ್ನ ಅಜ್ಜಿ ಕಾಲು ತೊಳೆದು, ಸಂಚಿ ಬಿಚ್ಚಿ ಲೆಕ್ಕ ನೋಡುತ್ತಿದ್ದಳು. ನಾವೂ ಊರಿಗೆ ಬಂದ ದಿನ ಬ್ಯಾಂಕಿನ ಲೆಕ್ಕವನ್ನೊಮ್ಮೆ ನೋಡಬೇಕು. ಅವಳ ಸಂಚಿಯಲ್ಲಿ ಇದ್ದದ್ದು ಅವಳದೊಂದೇ ಹಣ. ನಮ್ಮ ಗಂಟಿನಲ್ಲಿಯಾದರೋ ನಮ್ಮನ್ನು ನಂಬಿದವರ ಹೆಸರುಗಳೂ ಇವೆ. ಅದನ್ನು ಕಾಯುವುದು ಅವರಿಗೆ ನಾವು ಸಲ್ಲಿಸಬೇಕಾದ ಋಣ.