ಸಿಹಿನೀರು ಕಂಡ ದೋಣಿ

ಮಡಿವಾಳದಿಂದ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರ ಊರು ಬೈಂದೂರು ಕಡೆ. ಅಲ್ಲಿರುವ ತಮ್ಮನಿಗೆ ಸೆಕೆಂಡ್‌ಹ್ಯಾಂಡ್ ಫೈಬರ್ ದೋಣಿಯೊಂದನ್ನು ನೋಡಿದ್ದಾರಂತೆ. "ಕೆರೆಯಲ್ಲಷ್ಟೇ ಓಡಿದ್ದು, ಉಪ್ಪುನೀರು ಮುಟ್ಟಿಯೇ ಇಲ್ಲ" ಎಂದು ಮಾರುವವರು ರೇಟು ಏರಿಸಿದ್ದಾರೆ. ನಂಬಬಹುದೇ?

ಎಂಜಿನ್ನಿನ ಮಟ್ಟಿಗೆ ನಂಬಬಹುದು, ಉಪ್ಪು ಲೋಹವನ್ನು ತಿನ್ನುವುದು ನಿಜ. ತಳದ ವಿಷಯ ಮಾತ್ರ ಉಲ್ಟಾ. ನೀರಿನಲ್ಲೇ ಕಟ್ಟಿಹಾಕಿದ ಫೈಬರ್ ದೋಣಿಗೆ ಅರಬ್ಬಿ ಸಮುದ್ರಕ್ಕಿಂತ ನಿಮ್ಮ ಮಡಿವಾಳ ಕೆರೆಯಂಥ ಸಿಹಿನೀರೇ ಹೆಚ್ಚು ಕಾಟ ಕೊಡುತ್ತದೆ.

ಫೈಬರ್ ದೋಣಿಯೆಂದರೆ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಅದ್ದಿ ಗಟ್ಟಿಯಾಗಿಸಿದ ಗಾಜಿನ ಎಳೆಗಳು, ಮೇಲೊಂದು ನುಣುಪಾದ ಜೆಲ್‌ಕೋಟ್. ಈ ಹೊಳೆಯುವ ಪದರ ನೀರನ್ನು ಪೂರ್ತಿ ತಡೆಯುವುದಿಲ್ಲ. ಅಣು ಅಣುವಾಗಿ ಒಳಗಿಳಿದ ನೀರು, ರೆಸಿನ್‌ನಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸಿಕೊಳ್ಳುತ್ತದೆ. ನಿಧಾನವಾಗಿ ರೆಸಿನ್ನನ್ನೇ ಒಡೆದು ಆಮ್ಲವನ್ನೂ ಹುಟ್ಟಿಸುತ್ತದೆ. ಹೀಗೆ ಚರ್ಮದಡಿ ಗಾಢ ದ್ರಾವಣದ ಸಣ್ಣ ಸಣ್ಣ ತೊಟ್ಟುಗಳು ನಿಲ್ಲುತ್ತವೆ. ಆಮೇಲಿನದು ಆಸ್ಮಾಸಿಸ್‌ನ ಕೆಲಸ.

ರಾತ್ರಿ ನೀರಿಗೆ ಹಾಕಿದ ಒಣದ್ರಾಕ್ಷಿ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದಲ್ಲ, ಅದೇ. ಒಳಗೆ ಸಕ್ಕರೆ ದಟ್ಟ, ಹೊರಗೆ ಬರೀ ನೀರು. ನೀರು ಒಳಗೆ ನುಗ್ಗುತ್ತದೆ. ಅದೇ ದ್ರಾಕ್ಷಿಯನ್ನು ಸಕ್ಕರೆ ಪಾಕದಲ್ಲಿ ನೆನೆಸಿ ನೋಡಿ, ಅಷ್ಟು ಉಬ್ಬುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ ಅದು ದೋಣಿಯ ಪಾಲಿಗೆ ಪಾಕದಂತೆ. ಒಳನುಗ್ಗುವ ಒತ್ತಡ ಕಡಿಮೆ. ಕೆರೆಯಲ್ಲಿ ಆ ತಡೆಯೇ ಇಲ್ಲ. ಜೆಲ್‌ಕೋಟ್ ಅಡಿಯಲ್ಲಿ ಗುಳ್ಳೆ ಏಳುತ್ತದೆ.

ಈ ಆಸ್ಮಾಸಿಸ್ಸನ್ನು ಮೊದಲು ಕಂಡವರು ಫ್ರಾನ್ಸಿನ ಪಾದ್ರಿ ಜಾನ್ ಆಂತ್ವಾನ್ ನೊಲೆ, 1748ರಲ್ಲಿ. ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಿದ್ದರು. ಪೊರೆ ಉಬ್ಬಿತು, ಸೂಜಿ ಚುಚ್ಚಿದರೆ ದ್ರವ ಚಿಮ್ಮಿತು. ಈ ಒತ್ತಡವನ್ನು ಲೆಕ್ಕದ ಸೂತ್ರಕ್ಕೆ ತಂದ ಡಚ್ ವಿಜ್ಞಾನಿ ವಾಂಟ್ ಹಾಫ್ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದರು. ದೋಣಿಯ ಗುಳ್ಳೆಯನ್ನು ಚುಚ್ಚಿದರೂ ದ್ರವ ಹಾಗೆಯೇ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹುಳಿ ವಾಸನೆ ಬಂದು ನೀಲಿ ಲಿಟ್ಮಸ್ ಕೆಂಪಾದರೆ ರೆಸಿನ್ ಒಡೆಯುತ್ತಿದೆ ಎಂದರ್ಥ.

ಅಲ್ಲೊಂದು ಇಲ್ಲೊಂದು ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ. ನನಗೆ ಹೆಚ್ಚು ಭಯ ಪದರಗಳು ಒಳಗೊಳಗೇ ಬಿಟ್ಟುಕೊಂಡಿರುವುದರ ಬಗ್ಗೆ. ಅದಕ್ಕೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು. ತಳವನ್ನು ಗೇಣು ಗೇಣಿಗೂ ತಟ್ಟುತ್ತ ಹೋಗಿ. ಗಟ್ಟಿ ಭಾಗ 'ಟಕ್' ಎನ್ನುತ್ತದೆ, ಬಿಟ್ಟುಕೊಂಡ ಭಾಗ 'ದಬ್' ಎನ್ನುತ್ತದೆ. ವಿಯೆನ್ನಾದ ವೈದ್ಯ ಔಯೆನ್‌ಬ್ರುಗರ್ 1761ರಲ್ಲಿ ರೋಗಿಯ ಎದೆ ತಟ್ಟಿ ಒಳಗಿನ ನೀರನ್ನು ಗುರುತಿಸುವ ಕ್ರಮವನ್ನು ಪ್ರಕಟಿಸಿದ್ದರು. ಅವರ ತಂದೆ ಛತ್ರ ನಡೆಸುತ್ತಿದ್ದವರು; ವೈನ್ ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ಹೇಳುವುದನ್ನು ಮಗ ನೋಡಿ ಕಲಿತ ಎಂಬ ಮಾತಿದೆ. ಎದೆಯಾಗಲಿ ದೋಣಿಯಾಗಲಿ, ಕಿವಿ ಪಳಗಬೇಕು. ದಿನವೂ ಈ ಕೆಲಸ ಮಾಡುವ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ತೇವಾಂಶದ ಮೀಟರ್ ತೋರಿಸಿ "ನೋಡಿ, ಒಣಗಿದೆ" ಎನ್ನುವವರಿದ್ದಾರೆ. ಆ ಅಂಕಿಯನ್ನು ಅಷ್ಟು ನಂಬಬೇಡಿ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಫೈಬರಿನದು ನಾಲ್ಕೈದು. ಮೀಟರ್ ಅಳೆಯುವುದು ಈ ವ್ಯತ್ಯಾಸವನ್ನು. ಮೇಲ್ಮೈಯ ತೇವಕ್ಕೂ ತಳಕ್ಕೆ ಬಳಿದ ತಾಮ್ರ ಬೆರೆತ ಪೇಂಟಿಗೂ ಅದರ ಮುಳ್ಳು ಏರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಹತ್ತಿ ತಳ ಕಾಣುವುದು ಆಗಲೇ, ಆದರೆ ಗಾಳಿಯೆಲ್ಲ ಒದ್ದೆ. ಆ ದಿನಗಳಲ್ಲಿ ಸುತ್ತಿಗೆಯೇ ವಾಸಿ.

ಕೊನೆಗೆ ಎಂಜಿನ್ ಕೂರಿಸುವ ಹಿಂಬದಿ ಹಲಗೆ. ಹೊರಗೆ ಫೈಬರ್ ಕಂಡರೂ ಎಷ್ಟೋ ದೋಣಿಗಳಲ್ಲಿ ಒಳಗಿರುವುದು ಪ್ಲೈವುಡ್. ಬೋಲ್ಟಿನ ತೂತಿನಿಂದ ಮಳೆನೀರು ಇಳಿದರೆ ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಉಪ್ಪಾದರೂ ಅದನ್ನು ಒಂದಿಷ್ಟು ತಡೆಯುತ್ತಿತ್ತು, ಸಿಹಿನೀರು ತಡೆಯುವುದಿಲ್ಲ. ಔಟ್‌ಬೋರ್ಡ್ ಎಂಜಿನ್ನನ್ನು ಮೇಲೆತ್ತಿ ಕೆಳಕ್ಕೆ ಅದುಮಿ. ಹಲಗೆ ಬಾಗಿದರೆ, ಬೋಲ್ಟ್ ಸುತ್ತ ಕಂದು ನೀರು ಜಿನುಗಿದರೆ, ಅಷ್ಟನ್ನೂ ಕತ್ತರಿಸಿ ಹೊಸದಾಗಿ ಕಟ್ಟುವ ಖರ್ಚು ಹಿಡಿದು ಚೌಕಾಸಿ ಮಾಡಿ. ಮಾರುವವರು ಒಪ್ಪದಿದ್ದರೆ ಆ ದೋಣಿ ಬಿಡಿ.